ಸಿಕ್ಕ ಮಗುವನ್ನು ನಾವೇ ಸಾಕಿಕೊಳ್ಳಬಹುದೇ?

ಪ್ರಶ್ನೆ: ಊರಾಚೆ ಹೊಲದ ಬದುವಿನಲ್ಲಿ ಎಳೆಗೂಸೊಂದು ಸಿಕ್ಕಿದೆ. ನಮಗೆ ಮಕ್ಕಳಿಲ್ಲ. ಪಂಚರ ಮುಂದೆ ಛಾಪಾ ಕಾಗದದಲ್ಲಿ ಬರೆಸಿಕೊಂಡು ನಾವೇ ಸಾಕಬಹುದೇ?

ಉತ್ತರ: ಸಾಕುವಂತಿಲ್ಲ. ಊರಿನ ಹಿರಿಯರೆಲ್ಲ ಸಹಿ ಹಾಕಿದರೂ ಆ ಕಾಗದ ದತ್ತು ಆದೇಶವಾಗುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ, ದಿಕ್ಕಿಲ್ಲದೆ ಸಿಕ್ಕ ಮಗುವಿನ ಸುದ್ದಿಯನ್ನು 24 ಗಂಟೆಯೊಳಗೆ ಮುಟ್ಟಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂ. ದಂಡ, ಅಥವಾ ಎರಡೂ.

ಮಗು ಹಸಿಗೂಸಾಗಿದ್ದರೆ ಮೊದಲು 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಸ್ನಾನ ಮಾಡಿಸಬೇಡಿ. ಒಣ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಳ್ಳಿ, ತಲೆ ಮುಚ್ಚಿರಲಿ. ಹಸುವಿನ ಹಾಲು, ಜೇನು, ಸಕ್ಕರೆ ನೀರು ಯಾವುದೂ ಬೇಡ. ಮಗುವಿಗೆ ಸುತ್ತಿದ್ದ ಬಟ್ಟೆ, ಪಕ್ಕದಲ್ಲಿದ್ದ ಚೀಲ ಕೊಳೆಯಾಗಿದೆಯೆಂದು ಒಗೆಯಲೂಬಾರದು, ಎಸೆಯಲೂಬಾರದು. ಹೆತ್ತವರ ಜಾಡು ಸಿಗುವುದಿದ್ದರೆ ಅಲ್ಲೇ. ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ಪ್ರತಿ ಠಾಣೆಯಲ್ಲೂ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಅವರನ್ನೇ ಕೇಳಿ. ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಎಲ್ಲರೂ ಮಾಡುವ ತಪ್ಪು. ಇಂಥ ಮಗುವಿನ ಗುರುತು ಬಯಲು ಮಾಡಿದರೂ ಶಿಕ್ಷೆಯಿದೆ.

ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುತ್ತಾರೆ. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಈ ಸಮಿತಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಸಮಿತಿ ಸೇರದ ದಿನ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ನಡೆಯುತ್ತದೆ, ಹಾಗಾಗಿ ‘ಇವತ್ತು ರಜೆ, ನಾಳೆ ಬನ್ನಿ’ ಎಂಬ ಮಾತಿಗೆ ಒಪ್ಪಬೇಡಿ. ಅಲ್ಲಿಂದ ಮಗು ವಿಶೇಷ ದತ್ತು ಕೇಂದ್ರಕ್ಕೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಡಿ ಇರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕವೂ ಪೊಲೀಸರೂ ಹೆತ್ತವರನ್ನು ಹುಡುಕುತ್ತಾರೆ. ಯಾರೂ ಸಿಗದಿದ್ದರೆ ಎರಡು ವರ್ಷದೊಳಗಿನ ಮಗುವಿನ ವಿಷಯದಲ್ಲಿ ಎರಡು ತಿಂಗಳೊಳಗೆ, ದೊಡ್ಡ ಮಗುವಾದರೆ ನಾಲ್ಕು ತಿಂಗಳೊಳಗೆ, ‘ದತ್ತು ಕೊಡಲು ಕಾನೂನುಬದ್ಧವಾಗಿ ಮುಕ್ತ’ ಎಂದು ಸಮಿತಿ ಘೋಷಿಸಬೇಕು. ಕಚೇರಿಯ ಸೋಮಾರಿತನಕ್ಕೆ ಕೊಟ್ಟ ಅವಧಿ ಎಂದುಕೊಳ್ಳಬೇಡಿ. ಹೆದರಿ ಬಿಟ್ಟುಹೋದ ತಾಯಿ ಹುಡುಕಿಕೊಂಡು ಬರುವುದೂ ಉಂಟು.

ಇನ್ನು ನೋವಿನ ಮಾತು: ಮಗುವನ್ನು ಎತ್ತಿಕೊಂಡವರು ನೀವೆಂಬ ಕಾರಣಕ್ಕೆ ನಿಮಗೆ ಮೊದಲ ಹಕ್ಕಿಲ್ಲ. ಕೇಂದ್ರ ದತ್ತು ಪ್ರಾಧಿಕಾರದ ಜಾಲತಾಣದಲ್ಲಿ ನೋಂದಾಯಿಸಿಕೊಂಡವರಿಗೆ ಸರದಿಯಂತೆ ಮಗು ತೋರಿಸುತ್ತಾರೆ. ದಂಪತಿಯಾದರೆ ಮದುವೆಯಾಗಿ ಎರಡು ವರ್ಷವಾಗಿರಬೇಕು. ಎರಡು ವರ್ಷದೊಳಗಿನ ಮಗು ಬೇಕಿದ್ದರೆ ಇಬ್ಬರ ವಯಸ್ಸು ಕೂಡಿಸಿದರೆ 85 ದಾಟಿರಬಾರದು. ವಯಸ್ಸಿನ ಈ ಲೆಕ್ಕದಿಂದಾಗಿಯೇ ನೋಂದಣಿ ತಡಮಾಡಬೇಡಿ. ಮನೆ ಪರಿಶೀಲನೆ ಮುಗಿದು, ಮಗು ಹೊಂದಿಕೆಯಾದ ಮೇಲೆ, ಕಡೆಯ ಆದೇಶ ಜಿಲ್ಲಾಧಿಕಾರಿಯದು. 2022ರ ಸೆಪ್ಟೆಂಬರ್‌ಗೆ ಮುಂಚೆ ಇದು ನ್ಯಾಯಾಲಯದ ಕೆಲಸವಾಗಿತ್ತು. ಆ ಆದೇಶವಿದ್ದರೆ ನಿಮ್ಮಿಬ್ಬರ ಹೆಸರಿರುವ ಜನನ ಪ್ರಮಾಣಪತ್ರ ಸಿಗುತ್ತದೆ. ಛಾಪಾ ಕಾಗದ ನಂಬಿದವರ ಗುಟ್ಟು ಸಾಮಾನ್ಯವಾಗಿ ರಟ್ಟಾಗುವುದು ಇದೇ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಹೋದಾಗ.