ಆಂಟಿವೈರಸ್ ಇದೆ, ಆದರೆ ಬಾಗಿಲು ತೆರೆದಿಟ್ಟಿದ್ದಾರೆ

ಹೊಸ ಕಂಪ್ಯೂಟರ್ ತಗೊಂಡವರು ನನ್ನನ್ನು ಮೊದಲು ಕೇಳುವುದು, ಯಾವ ಆಂಟಿವೈರಸ್ ಹಾಕಿಸಲಿ ಅಂತ. ಮನೆಯಲ್ಲಿ ಬಳಸುವ ಕಂಪ್ಯೂಟರ್ ಆದರೆ ನನ್ನ ಉತ್ತರ ಒಂದೇ: ದುಡ್ಡು ಕೊಟ್ಟು ಯಾವುದನ್ನೂ ಹಾಕಿಸಬೇಡಿ. ರಕ್ಷಣೆ ಬೇಡ ಅಂತಲ್ಲ, ಅದು ಆಗಲೇ ಒಳಗಿದೆ. 2012ರಲ್ಲಿ ಬಂದ ವಿಂಡೋಸ್ 8ರಿಂದಲೂ ಡಿಫೆಂಡರ್ ಅನ್ನೋ ಆಂಟಿವೈರಸ್ ವಿಂಡೋಸ್ ಜೊತೆಗೇ ಬರುತ್ತಿದೆ. ಮ್ಯಾಕ್‌ನಲ್ಲಿ ಅದೇ ಕೆಲಸಕ್ಕೆ ಎಕ್ಸ್‌ಪ್ರೊಟೆಕ್ಟ್ ಇದೆ.

ಹಾಗಾದರೆ ಇಷ್ಟೊಂದು ಕಂಪ್ಯೂಟರ್‌ಗಳು ಯಾಕೆ ಕೆಡುತ್ತವೆ? ನನ್ನ ಮೇಜಿಗೆ ಬಂದ ಒಂದು ಲ್ಯಾಪ್‌ಟಾಪ್ ಕಥೆ ಹೇಳುತ್ತೇನೆ. ಫೋಟೋಗಳ ಫೋಲ್ಡರ್ ತೆರೆದರೆ ಒಂದೂ ಕಾಣುತ್ತಿರಲಿಲ್ಲ. ಎಲ್ಲ ಫೈಲ್‌ಗಳ ಹೆಸರಿನ ಕೊನೆಗೂ ಅರ್ಥವಿಲ್ಲದ ನಾಲ್ಕು ಅಕ್ಷರ ಸೇರಿಕೊಂಡಿತ್ತು. ಪಕ್ಕದಲ್ಲೇ ದುಡ್ಡು ಕೇಳುವ ಒಂದು ಟೆಕ್ಸ್ಟ್ ಫೈಲ್. ಫೈಲ್‌ಗಳಿಗೆ ಬೀಗ ಹಾಕಿ, ಬಿಡಿಸಲು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್. ಡಿಫೆಂಡರ್ ಆನ್ ಇತ್ತು, ಹಸಿರು ಟಿಕ್ ಕೂಡ ಇತ್ತು. ಆದರೆ ಸೆಟ್ಟಿಂಗ್ಸ್ ಒಳಗೆ ಹೋಗಿ ‘ಎಕ್ಸ್‌ಕ್ಲೂಶನ್ಸ್’ ಪಟ್ಟಿ ತೆರೆದೆ. ಅಲ್ಲಿ ಇಡೀ ಸಿ ಡ್ರೈವ್ ಇತ್ತು! ಅಂದರೆ ‘ಇಲ್ಲಿ ಏನನ್ನೂ ನೋಡಬೇಡ’ ಅಂತ ಕಾವಲುಗಾರನಿಗೆ ಹೇಳಿಟ್ಟ ಹಾಗೆ. ದುಡ್ಡು ಕೊಟ್ಟು ಕೊಳ್ಳಬೇಕಾದ ಒಂದು ಸಾಫ್ಟ್‌ವೇರನ್ನು ಪುಕ್ಕಟೆ ಹಾಕಿಕೊಳ್ಳಲು ಹೋಗಿ ಮನೆಯವರೇ ಅದನ್ನು ಸೇರಿಸಿದ್ದರು. ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಅಂತ ಆ ಕದ್ದ ಸಾಫ್ಟ್‌ವೇರ್ (ಕ್ರ್ಯಾಕ್) ಜೊತೆಗಿದ್ದ ಸೂಚನೆಯಲ್ಲೇ ಬರೆದಿತ್ತು. ದಯವಿಟ್ಟು ಈ ಮಾತು ಎಲ್ಲಿ ಕಂಡರೂ ಅಲ್ಲೇ ನಿಲ್ಲಿಸಿಬಿಡಿ. ನಿಮ್ಮ ಎಕ್ಸ್‌ಕ್ಲೂಶನ್ಸ್ ಪಟ್ಟಿಯನ್ನೂ ಇವತ್ತೇ ಒಮ್ಮೆ ನೋಡಿ. ನೀವು ಸೇರಿಸದ ಹೆಸರು ಅಲ್ಲಿದ್ದರೆ ತೆಗೆದು, ಫುಲ್ ಸ್ಕ್ಯಾನ್ ಮಾಡಿ.

ಇನ್ನೊಂದು, ಫೈಲ್ ಹೆಸರಿನ ಬಾಲ, ಅಂದರೆ ಎಕ್ಸ್‌ಟೆನ್ಶನ್. ವಿಂಡೋಸ್ ಅದನ್ನು ತಾನಾಗಿಯೇ ಮುಚ್ಚಿಟ್ಟಿರುತ್ತದೆ. ಹಾಗಾಗಿ ‘ಬಿಲ್.ಪಿಡಿಎಫ್.ಇಎಕ್ಸ್‌ಇ’ ಅನ್ನೋ ಫೈಲ್ ನಿಮಗೆ ಬರೀ ‘ಬಿಲ್.ಪಿಡಿಎಫ್’ ಅಂತ ಕಾಣುತ್ತದೆ. ಬಿಲ್ ಅಂದುಕೊಂಡು ಒತ್ತಿದರೆ ಓಡುವುದು ಪ್ರೋಗ್ರಾಮ್. ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ ಮೆನುವಿನಲ್ಲಿ ಎಕ್ಸ್‌ಟೆನ್ಶನ್ ತೋರಿಸುವ ಆಯ್ಕೆ ಇದೆ, ಆನ್ ಮಾಡಿಟ್ಟುಕೊಳ್ಳಿ.

ಅಪ್‌ಡೇಟ್ ವಿಷಯದಲ್ಲಂತೂ ನಾನು ಹಟಮಾರಿ. 2017ರ ಮೇ 12ರಂದು ವಾನಾಕ್ರೈ ಅನ್ನೋ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಹಬ್ಬಿತಲ್ವಾ, ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ತೇಪೆ ಕೊಟ್ಟಿತ್ತು. ಸುಮಾರು ಎರಡು ತಿಂಗಳು ಸಮಯವಿತ್ತು. ಅದು ಒಂದು ಯಂತ್ರದಿಂದ ಇನ್ನೊಂದಕ್ಕೆ ಹಾರಲು ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದರಲ್ಲೇ ಇದ್ದರೆ ಆಂಟಿವೈರಸ್ ಕೊಳ್ಳುವ ದುಡ್ಡನ್ನು ಹೊಸ ವಿಂಡೋಸ್‌ಗೆ ಹೋಗಲು ಎತ್ತಿಡಿ.

ಎರಡು ಆಂಟಿವೈರಸ್ ಹಾಕಿಸಿದರೆ ರಕ್ಷಣೆ ಜಾಸ್ತಿ ಆಗಲ್ಲ, ಕಂಪ್ಯೂಟರ್ ನಿಧಾನ ಆಗುತ್ತದೆ ಅಷ್ಟೆ. ಅವಧಿ ಮುಗಿದ ಟ್ರಯಲ್ ಇದ್ದರೆ ತೆಗೆದುಹಾಕಿ, ಡಿಫೆಂಡರ್ ಮತ್ತೆ ಕೆಲಸ ಶುರು ಮಾಡುತ್ತದೆ. ಹತ್ತಾರು ಕಂಪ್ಯೂಟರ್ ಇರುವ ಕಚೇರಿಯ ಲೆಕ್ಕ ಬೇರೆ, ಅಲ್ಲಿ ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಸಾಫ್ಟ್‌ವೇರ್‌ಗೆ ದುಡ್ಡು ಕೊಡುವುದು ಸರಿ.

ಆ ಲ್ಯಾಪ್‌ಟಾಪ್‌ನ ಫೋಟೋಗಳನ್ನು ಬಿಡಿಸಲು ನನ್ನಿಂದ ಆಗಲಿಲ್ಲ. ಮನೆಯಲ್ಲಿ ಹುಡುಕಿದಾಗ ಹಳೆಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದು ಸಿಕ್ಕಿತು. ಕೇಬಲ್ ಕಿತ್ತು ಇಟ್ಟಿದ್ದರಿಂದ ಅದು ಉಳಿದಿತ್ತು. ಮಗಳ ಮೊದಲ ಮೂರು ಹುಟ್ಟುಹಬ್ಬದ ಫೋಟೋಗಳು ಅದರಲ್ಲಿದ್ದವು. ನಾಲ್ಕನೆಯದು ಇರಲಿಲ್ಲ.