ಬಂಡೆಯ ವಯಸ್ಸು ಸೀಸಕ್ಕೆ ಗೊತ್ತು

ಹೊಸೂರಿನ ಚಂದ್ರಚೂಡೇಶ್ವರ ಬೆಟ್ಟ ಹತ್ತುವಾಗ ಯಾರಾದರೂ ಹೇಳಿಯೇ ಹೇಳುತ್ತಾರೆ: "ಈ ಬಂಡೆಗೆ ಕಾರ್ಬನ್ ಡೇಟಿಂಗ್ ಮಾಡಿಸಿದ್ರೆ ವಯಸ್ಸು ಗೊತ್ತಾಗುತ್ತೆ." ಆಗೋದಿಲ್ಲ ಸ್ವಾಮಿ! ಕಾರ್ಬನ್-14 ನಡೆಯೋದು ಮರ, ಮೂಳೆ, ಇದ್ದಿಲಿಗೆ. ಅದೂ ಸುಮಾರು 50 ಸಾವಿರ ವರ್ಷದವರೆಗೆ. ಕೃಷ್ಣಗಿರಿ ಕಡೆಯ ಕಲ್ಲು ಸುಮಾರು 250 ಕೋಟಿ ವರ್ಷದ್ದು. ಅದರ ಲೆಕ್ಕ ಇರೋದು ಸೀಸದಲ್ಲಿ.

ಕ್ವಾರಿಯ ಕಲ್ಲನ್ನು ಪುಡಿ ಮಾಡಿ, ಜರಡಿ ಹಿಡಿದು, ಭಾರದ ಕಣಗಳನ್ನು ಬೇರೆ ಮಾಡಿದರೆ ಜಿರ್ಕಾನ್ ಹರಳು ಸಿಗುತ್ತದೆ. ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು ಚಿಕ್ಕದು. ಶಿಲಾರಸ ಆರುವಾಗ ಹುಟ್ಟುವ ಈ ಹರಳು ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹತ್ತಿರಕ್ಕೂ ಬಿಡೋದಿಲ್ಲ. ಅಂದರೆ ಈಗ ಒಳಗಿರುವ ಸೀಸ ಬಹುತೇಕ ಅಲ್ಲೇ, ಯುರೇನಿಯಂ ತಾನಾಗಿ ಒಡೆದು ಹುಟ್ಟಿದ್ದು. ಯುರೇನಿಯಂ-238 (ಈ ಸಂಖ್ಯೆ ಪರಮಾಣುವಿನ ತೂಕ ಹೇಳುತ್ತದೆ) ಕೊನೆಗೆ ಸೀಸ-206 ಆಗುತ್ತದೆ. ಈ ಯುರೇನಿಯಂ ಅರ್ಧ ಮುಗಿಯಲು 447 ಕೋಟಿ ವರ್ಷ ಬೇಕು. ಯುರೇನಿಯಂ-235 ಅವಸರದ್ದು, 70 ಕೋಟಿ ವರ್ಷಕ್ಕೇ ಅರ್ಧ ಖಾಲಿ. ಅದರಿಂದ ಬರೋದು ಸೀಸ-207. ಸೀಸ-204 ಮಾತ್ರ ಹೀಗೆ ಹುಟ್ಟೋದಿಲ್ಲ. ಅದು ಕಂಡರೆ ಹೊರಗಿನ ಸೀಸ ಸೇರಿದೆ ಅಂತ ಅರ್ಥ. ಅಷ್ಟನ್ನು ಕಳೆಯುತ್ತಾರೆ.

ನನಗೆ ತುಂಬಾ ಇಷ್ಟವಾಗೋದು ಇನ್ನು ಮುಂದಿನದು. ಹರಳಿನಿಂದ ಸೀಸ ಸೋರಿಬಿಟ್ಟರೆ? ಯುರೇನಿಯಂ ಎಷ್ಟು, ಸೀಸ ಎಷ್ಟು ಅಂತ ನೋಡಿದರೆ ವಯಸ್ಸು ಕಮ್ಮಿ ಬರುತ್ತದೆ. ಆದರೆ 206, 207 ಎರಡೂ ಸೀಸವೇ. ಸೋರಿದರೆ ಜೊತೆಗೇ ಸೋರುತ್ತವೆ. ನೀರು ಬೆರೆಸಿದ ಹಾಲು ಅರ್ಧ ಚೆಲ್ಲಿದರೂ, ಪಾತ್ರೆಯಲ್ಲಿ ಉಳಿದಿದ್ದರ ನೀರಿನ ಪಾಲು ಬದಲಾಗೋದಿಲ್ಲ, ಅಲ್ವಾ? ಎರಡು ಯುರೇನಿಯಂ ಬೇರೆ ಬೇರೆ ವೇಗದಲ್ಲಿ ಮುಗಿಯುವುದರಿಂದ, ಈ ಎರಡು ಸೀಸದ ಪಾಲೇ ವಯಸ್ಸು ಹೇಳುತ್ತದೆ: 50 ಕೋಟಿ ವರ್ಷದ ಹರಳಿನಲ್ಲಿ 206 ನೂರು ಪಾಲಿದ್ದರೆ 207 ಸುಮಾರು 6 ಪಾಲು. 250 ಕೋಟಿಯದರಲ್ಲಿ ಸುಮಾರು 16. ಸೋರಿಕೆ ಇತ್ತೀಚಿನದಾದರೆ ಈ ಲೆಕ್ಕ ಅಲುಗಾಡೋದಿಲ್ಲ. ಹಳೇ ಕಾಲದಲ್ಲೇ ಸೋರಿದ್ದರೆ ಹಲವು ಹರಳು ಅಳೆದು ಗ್ರಾಫ್ ಹಾಕಬೇಕು. ಅದು ಬೇರೆಯೇ ಕಥೆ.

ಅಂದ ಹಾಗೆ, ಭೂಮಿಗೆ 455 ಕೋಟಿ ವರ್ಷ ಅಂತ 1956ರಲ್ಲಿ ತೋರಿಸಿಕೊಟ್ಟಿದ್ದೂ ಸೀಸವೇ. ಅಮೆರಿಕದ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಯ ಸೀಸ ಅಳೆದು ಅದನ್ನು ಕಂಡುಕೊಂಡರು. ಶುರುವಿನಲ್ಲಿ ಅವರ ಲೆಕ್ಕ ಕೂಡುತ್ತಲೇ ಇರಲಿಲ್ಲ. ಧೂಳು, ಗಾಳಿ, ಪಾತ್ರೆ, ಎಲ್ಲದರಲ್ಲೂ ಸೀಸ! ಲ್ಯಾಬನ್ನೇ ತಿಕ್ಕಿ ತಿಕ್ಕಿ ತೊಳೆಯಬೇಕಾಯಿತು. ಗಾಳಿಗೆ ಸೀಸ ಜಾಸ್ತಿ ಸೇರುತ್ತಿದ್ದದ್ದು ಪೆಟ್ರೋಲಿನಿಂದ. ಆಮೇಲೆ ಅವರು ಅದರ ವಿರುದ್ಧವೇ ವರ್ಷಗಟ್ಟಲೆ ವಾದ ಮಾಡಿದರು. ನಮ್ಮ ಬಂಕುಗಳಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತಿದ್ದು 2000ದಲ್ಲಿ.