ನಿರ್ದಿಷ್ಟ ಕಲಿಕಾ ನ್ಯೂನತೆ: ‘ನಿರ್ದಿಷ್ಟ’ ಎಂಬ ಮಾತಿನ ತೂಕ

ಓದಿನಲ್ಲಿ ಹಿಂದುಳಿದ ಯಾವ ಮಗುವನ್ನಾದರೂ ‘ಕಲಿಕಾ ನ್ಯೂನತೆಯ ಮಗು’ ಎಂದುಬಿಡುವ ರೂಢಿ ನಮ್ಮಲ್ಲಿ ಬೆಳೆಯುತ್ತಿದೆ. ‘ದಡ್ಡ’ ಎನ್ನುವುದಕ್ಕಿಂತ ಇದು ಮೆದುವಾದ ಮಾತು ನಿಜ, ಆದರೆ ಸರಿಯಾದ ಮಾತಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವೈಕಲ್ಯಗಳಲ್ಲಿ ಇದರ ಹೆಸರು ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎಂದಿದೆ. ಪದದ ತೂಕವೆಲ್ಲ ಆ ಮೊದಲ ಶಬ್ದದ ಮೇಲಿದೆ. ಬುದ್ಧಿಶಕ್ತಿ, ದೃಷ್ಟಿ, ಶ್ರವಣಗಳು ಸರಿಯಿದ್ದು, ಪಾಠವೂ ತಕ್ಕಮಟ್ಟಿಗೆ ದೊರೆತಿದ್ದು, ಓದು, ಬರಹ ಅಥವಾ ಲೆಕ್ಕ ಎಂಬ ಯಾವುದೋ ಒಂದೆರಡು ಕೌಶಲಗಳಲ್ಲಿ ಮಾತ್ರ ಮಗು ಬಹುಕಾಲ ತಡವರಿಸುತ್ತಿದ್ದರೆ ಅದು ನಿರ್ದಿಷ್ಟ. ಓದಿನ ತೊಡಕನ್ನು ಡಿಸ್ಲೆಕ್ಸಿಯಾ, ಬರಹದ್ದನ್ನು ಡಿಸ್ಗ್ರಾಫಿಯಾ, ಲೆಕ್ಕದ್ದನ್ನು ಡಿಸ್ಕ್ಯಾಲ್ಕುಲಿಯಾ ಎನ್ನುತ್ತಾರೆ. ಕೋಲಾರದ ಎಪಿಎಂಸಿಯಲ್ಲಿ ಅಪ್ಪನ ಪಕ್ಕ ನಿಂತು ಹತ್ತು ಬಾಕ್ಸ್ ಟೊಮೆಟೊವಿಗೆ ಎಷ್ಟು ಹಣ ಬರಬೇಕೆಂದು ಬಾಯಲ್ಲೇ ಹೇಳುವ ಹುಡುಗ, ‘ಮಾರುಕಟ್ಟೆ’ ಎಂಬ ಪದವನ್ನು ಓದಲು ಹೋಗಿ ಒತ್ತಕ್ಷರದ ಬಳಿ ನಿಂತುಬಿಡಬಹುದು.

ಆದ್ದರಿಂದ ಮೌಲ್ಯಮಾಪನವೆಂದರೆ ಬಹುಪಾಲು ಇತರ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ಬದಿಗಿಡುವ ಕೆಲಸ. ಶಿಕ್ಷಕರ ಗಮನಿಕೆಯ ನಂತರ ಕಣ್ಣು ಮತ್ತು ಕಿವಿಯ ತಪಾಸಣೆ, ಬುದ್ಧಿಶಕ್ತಿಯ ಪರೀಕ್ಷೆ, ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದಂಥ ಓದು-ಬರಹ-ಲೆಕ್ಕದ ಪರೀಕ್ಷೆಗಳು ನಡೆಯುತ್ತವೆ. ಎಂಟು ವರ್ಷಕ್ಕೆ ಮೊದಲು ಈ ಹೆಸರನ್ನು ಖಚಿತವಾಗಿ ಇಡಲು ತಜ್ಞರು ಹಿಂಜರಿಯುತ್ತಾರೆ, ಏಕೆಂದರೆ ಅಕ್ಷರ ಕೂಡಿಬರುವ ವೇಗ ಆ ವಯಸ್ಸಿನಲ್ಲಿ ಮಗುವಿನಿಂದ ಮಗುವಿಗೆ ಬಹಳ ಬೇರೆಯಾಗಿರುತ್ತದೆ. ಕಾಗುಣಿತ, ಒತ್ತಕ್ಷರಗಳಿಂದ ನೂರಾರು ರೂಪಗಳಾಗುವ ಕನ್ನಡ ಲಿಪಿಯಲ್ಲಂತೂ ಎಲ್ಲ ಮಕ್ಕಳಿಗೂ ಹೆಚ್ಚು ಕಾಲ ಬೇಕು.

ನಮ್ಮ ಭಾಗದಲ್ಲಿ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲಿನ ಎಷ್ಟೋ ಮನೆಗಳ ಮಾತು ತೆಲುಗು. ಶಾಲೆಗೆ ಬಂದ ಮೇಲೆಯೇ ಕನ್ನಡವನ್ನು ಹೆಚ್ಚಾಗಿ ಕೇಳುವ ಮಗು ಕನ್ನಡ ಪಾಠವನ್ನು ಓದಲು ತಡವರಿಸಿದರೆ ಅದು ಭಾಷೆಯ ಅಪರಿಚಯವಿರಬಹುದು, ನ್ಯೂನತೆಯಲ್ಲ. ಮನೆಮಾತಿನಲ್ಲಿ ಕಥೆ ಹೇಳಿಸಿ, ಪದದಲ್ಲಿನ ಧ್ವನಿಗಳನ್ನು ಬಿಡಿಸಿ ಹೇಳಿಸಿ ನೋಡದೆ ಬರುವ ತೀರ್ಮಾನವನ್ನು ನಾನು ಅರೆಬರೆ ಎಂದೇ ಭಾವಿಸುತ್ತೇನೆ.

ಬೆಂಬಲದ ವಿಷಯದಲ್ಲಿ, ತಪ್ಪಾದ ಪದವನ್ನು ಹತ್ತು ಸಲ ಬರೆಸುವುದು ಚಿಕಿತ್ಸೆಯಲ್ಲ. ಮರಳಿನಲ್ಲಿ ಅಕ್ಷರ ತಿದ್ದಿಸುತ್ತ ಅದರ ಧ್ವನಿಯನ್ನೂ ಹೇಳಿಸುವುದು, ಒತ್ತಕ್ಷರವನ್ನು ಬಿಡಿಸಿ ಮತ್ತೆ ಕೂಡಿಸಿ ತೋರಿಸುವುದು, ಉತ್ತರವನ್ನು ಬಾಯಲ್ಲಿ ಹೇಳಲು ಬಿಡುವುದು ಹೆಚ್ಚು ಫಲ ಕೊಡುತ್ತವೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಇವುಗಳನ್ನು ಕಾಯ್ದೆಯ 17ನೇ ಪ್ರಕರಣವೇ ಹೆಸರಿಸುತ್ತದೆ. ಆದರೆ ಕನ್ನಡ ಮಾಧ್ಯಮದಲ್ಲಿ ಓದುವ ತೆಲುಗು ಮನೆಯ ಮಗುವಿಗೆ ಶಾಲೆಯ ಪ್ರಥಮ ಭಾಷೆಯೇ ಎರಡನೆಯ ಭಾಷೆ. ಡಿಸ್ಲೆಕ್ಸಿಯಾ ಇರುವ ಅಂಥ ಮಗುವಿನ ಮುಖ್ಯ ಹೊರೆಯನ್ನು ಈ ವಿನಾಯಿತಿ ಇಳಿಸುವುದಿಲ್ಲ.